ಸೇತುವೆ ಕಟ್ಟಿದವನ ಮಗಳು

ನಮ್ಮಪ್ಪನ ಮಾನ ಕಳೆದವನೇ ಅಪ್ಪನ ನೆನಪಿನ ಸಭೆ ಮಾಡಿಸುತ್ತೇನೆಂದು ನಮ್ಮ ಮನೆಗೆ ಬಂದ. ಅಪ್ಪ ತೀರಿಕೊಂಡು ಇನ್ನೂ ವಾರ ಆಗಿರಲಿಲ್ಲ.

"ಎಂಥ ದೈವಭಕ್ತ, ಎಂಥ ಪರೋಪಕಾರಿ! ಹೊಳೆಗೆ ಕಟ್ಟಿಸ್ತಿರೋ ಹೊಸ ಸೇತುವೆಗೆ ಅವರ ಹೆಸರೇ ಇಡೋಣಮ್ಮ," ಎಂದ ಊರಿನ ಪಂಚಾಯ್ತಿ ಅಧ್ಯಕ್ಷ. ಅಮ್ಮ ಕಣ್ಣೊರೆಸಿಕೊಂಡಳು.

"ಆಗಲಿ, ಮಾಡಿ. ಊರವರೆಲ್ಲ ಬರೋ ಹಾಗೆ ಮಾಡಿ," ಎಂದೆ ನಾನು. ಅವನು ಹೋದ ಮೇಲೆ ಅಮ್ಮ ನನ್ನ ಮುಖವನ್ನೇ ನೋಡಿದಳು. "ನಿನ್ನ ತಲೇಲಿ ಏನು ಓಡ್ತಿದೆ?" ಎಂದಳು.

ಅಪ್ಪ ಬಡಗಿ. ಊರಿನ ತೊಟ್ಟಿಲುಗಳೆಲ್ಲ ಅವನ ಕೈಯವು, ಪ್ರಾರ್ಥನಾ ಮಂದಿರದ ಬೆಂಚುಗಳೂ ಅವನವೇ. ಬೆಳಗಾಗುವ ಮೊದಲೇ ಎದ್ದು ಪ್ರಾರ್ಥನೆ ಮಾಡಿ, ಆಮೇಲೇ ಕೊಟ್ಟಿಗೆಗೆ ಹೋಗಿ ಗರಗಸ ಮುಟ್ಟುತ್ತಿದ್ದ. ನನಗೂ ಆ ಕೆಲಸ ಕಲಿಸಿದ್ದ. ವಾರದ ಪ್ರಾರ್ಥನೆಯಲ್ಲಿ ಮೊದಲ ಸಾಲು ಹಾಡುತ್ತಿದ್ದವನು ಅವನೇ. ದನಿ ಒರಟು, ಆದರೆ ಆ ದನಿ ಕೇಳದೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಮಕ್ಕಳು ಶಾಲೆಗೆ ಹೋಗುವಾಗ ಹೊಳೆ ದಾಟಲು ಪಡುತ್ತಿದ್ದ ಪಾಡು ನೋಡಲಾರದೆ, ಊರ ಗಂಡಸರನ್ನು ಕಾಡಿ ಬೇಡಿ ಸೇರಿಸಿಕೊಂಡು ಮರದ ಸೇತುವೆ ಕಟ್ಟಿದ. "ಜನ ಹೋಗಲಿ, ದನ ಹೋಗಲಿ. ಗಾಡಿ ಮಾತ್ರ ಬೇಡ," ಎಂದು ಎಲ್ಲರಿಗೂ ಹೇಳಿದ್ದ.

ಅಧ್ಯಕ್ಷ ಆಗ ಹೊಸ ಮನೆ ಕಟ್ಟಿಸುತ್ತಿದ್ದ. ಹೊಳೆ ತುಂಬಿ ಹರಿಯುತ್ತಿದ್ದ ದಿನ, ಸುತ್ತಿಬರುವ ದಾರಿ ದೂರವೆಂದು ಕಲ್ಲು ತುಂಬಿದ ಟ್ರ್ಯಾಕ್ಟರನ್ನು ಸೇತುವೆ ಮೇಲೆ ಹತ್ತಿಸಲು ಹೇಳಿದ. ಚಾಲಕ ಬೇಡವೆಂದ. "ಸಂಬಳ ಕೊಡೋನು ನಾನೋ, ಬಡಗಿಯೋ?" ಎಂದ ಇವನು. ನಡುಮಧ್ಯದಲ್ಲಿ ಸೇತುವೆ ಮುರಿದು ಬಿತ್ತು. ಸದ್ದು ಕೇಳಿ ಓಡಿಹೋಗಿ ನೀರಿಗೆ ಹಾರಿ ಚಾಲಕನನ್ನು ಎಳೆದು ತಂದವನು ನಮ್ಮಪ್ಪನೇ. ಜೀವ ಉಳಿಯಿತು, ಒಂದು ಕಾಲು ಉಳಿಯಲಿಲ್ಲ.

ಸಂಜೆಯೊಳಗೆ ಊರಲ್ಲಿ ಮಾತೇ ಬೇರೆಯಾಗಿತ್ತು. ಟ್ರ್ಯಾಕ್ಟರು ಖಾಲಿ ಇತ್ತಂತೆ. ಬಡಗಿ ಹುಳ ಹಿಡಿದ ಮರ ಹಾಕಿದ್ದನಂತೆ. ಒಳ್ಳೆಯ ಮರ ತನ್ನ ಮನೆಗೆ ಸಾಗಿಸಿದ್ದನಂತೆ. ಕಲ್ಲೆಲ್ಲ ಹೊಳೆಯ ಪಾಲಾಗಿತ್ತು. ಅಧ್ಯಕ್ಷ ಹೇಳಿದ್ದೇ ವೇದವಾಯಿತು. ಮಂದಿರದ ಹಿರಿಯರು ಬಂದು, "ಸ್ವಲ್ಪ ದಿನ ನೀನು ಮುಂದೆ ನಿಂತು ಹಾಡೋದು ಬೇಡಪ್ಪ," ಎಂದರು. ಆ ಸ್ವಲ್ಪ ದಿನ ಅಪ್ಪ ಸಾಯುವವರೆಗೂ ಮುಗಿಯಲಿಲ್ಲ. ತಾನೇ ಮಾಡಿದ ಬೆಂಚಿನ ಕೊನೆಯ ಸಾಲಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದ.

"ಆ ಚಾಲಕನಿಗೆ ಸತ್ಯ ಹೇಳು ಅಂತ ಕೇಳಪ್ಪ," ಎಂದು ನಾನು ಜಗಳ ಆಡಿದ್ದೆ.

"ಅವನಿಗೆ ಪಂಚಾಯ್ತಿ ಆಫೀಸಲ್ಲಿ ಕಾವಲುಗಾರನ ಕೆಲಸ ಕೊಟ್ಟಿದ್ದಾನೆ ಅಧ್ಯಕ್ಷ. ಬಾಯಿ ಬಿಟ್ಟರೆ ಅವನ ಮಕ್ಕಳು ಏನು ತಿನ್ನಬೇಕು? ದೇವರು ನೋಡಿದ್ದಾನೆ, ಸಾಕು," ಎಂದ ಅಪ್ಪ. ಆ ಚಾಲಕನಿಗೆ ಊರುಗೋಲನ್ನೂ ತಾನೇ ಮಾಡಿಕೊಟ್ಟ.

ದೇವರಿಗೆ ಸಾಕಾಗಿರಬಹುದು. ನನಗೆ ಸಾಕಾಗಿರಲಿಲ್ಲ.

ಸಭೆಯ ಹಿಂದಿನ ದಿನ ಚಾಲಕನ ಮನೆಗೆ ಹೋದೆ. "ನಾಳೆ ಬಂದು ನಡೆದದ್ದು ಹೇಳಣ್ಣ," ಎಂದೆ.

"ಹೊಟ್ಟೆ ಮೇಲೆ ಹೊಡೀಬೇಡ ತಂಗಿ," ಎಂದು ಅವನು ತಲೆ ತಗ್ಗಿಸಿದ.

ಗೋಡೆಗೆ ಒರಗಿಸಿದ್ದ ಊರುಗೋಲು ಎತ್ತಿಕೊಂಡೆ. "ಇದು ನಮ್ಮಪ್ಪಂದು. ನಾಳೆ ಮಂದಿರಕ್ಕೆ ಬಂದು ತಗೋ."

ಅವನ ಹೆಂಡತಿ ಶಾಪ ಹಾಕುತ್ತಾ ಬೀದಿಯವರೆಗೂ ಬಂದಳು. ನಾನು ತಿರುಗಿ ನೋಡಲಿಲ್ಲ. ಕುಂಟನ ಕೋಲು ಕಸಿದವಳು ಎನ್ನಿಸಿಕೊಂಡರೂ ಸರಿ, ಸಭೆ ತಪ್ಪಬಾರದು ಎಂಬುದೊಂದೇ ಇತ್ತು ನನ್ನಲ್ಲಿ.

ಮಂದಿರ ತುಂಬಿತ್ತು. ಅಧ್ಯಕ್ಷ ಬೆಣ್ಣೆಯಂಥ ಮಾತಾಡಿದ. ದನಿ ಗದ್ಗದವಾಯಿತು. ಮುಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಂಡರು. ಅಷ್ಟರಲ್ಲಿ ಚಾಲಕ ಹೆಂಡತಿಯ ಹೆಗಲು ಹಿಡಿದು ಕುಪ್ಪಳಿಸುತ್ತಾ ಬಾಗಿಲಲ್ಲಿ ಕಾಣಿಸಿಕೊಂಡ. ನಾನು ಎದ್ದು ನಿಂತೆ.

"ಅಧ್ಯಕ್ಷರೇ, ಇಷ್ಟು ಒಳ್ಳೆಯವನು ಕಟ್ಟಿದ ಸೇತುವೆ ಯಾಕೆ ಬಿತ್ತು?"

"ಈಗ ಯಾಕಮ್ಮ ಅದೆಲ್ಲ? ಸತ್ತವರ ತಪ್ಪು ಎತ್ತಬಾರದು."

"ಸತ್ತವರದ್ದು ಬೇಡ, ಬದುಕಿರೋರದ್ದು ಎತ್ತೋಣ." ಊರುಗೋಲನ್ನು ಚಾಲಕನ ಕೈಗೆ ಕೊಟ್ಟೆ. "ಹೇಳಣ್ಣ. ಟ್ರ್ಯಾಕ್ಟರಲ್ಲಿ ಏನಿತ್ತು?"

ಅವನು ಮಂದಿರದ ಹಿರಿಯರ ಮುಖ ನೋಡಿದ. ಅಧ್ಯಕ್ಷನ ಕಡೆ ಕಣ್ಣೆತ್ತಲಿಲ್ಲ. "ಕಲ್ಲು. ತುಂಬ ಕಲ್ಲು. ಬೇಡ ಅಂದೆ. ಇವರು ಕೇಳಲಿಲ್ಲ." ಆಮೇಲೆ ಕಟ್ಟೆ ಒಡೆದಂತೆ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅತ್ತ.

"ಸುಳ್ಳು! ಇವಳು ಹೇಳಿಕೊಟ್ಟಿದ್ದು!" ಎಂದು ಅಧ್ಯಕ್ಷ ಕೂಗಿದ. ಹಿರಿಯರು ಮೆಲ್ಲಗೆ ಎದ್ದು ಅವನ ಕಡೆ ತಿರುಗಿ, "ಆಣೆ ಮಾಡಿ ಹೇಳು," ಎಂದರು. ಅಧ್ಯಕ್ಷ ಆಣೆಗೆ ಕೈ ಎತ್ತಿದ, ಹಾಗೇ ಇಳಿಸಿದ. ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ. ಒಬ್ಬರೂ ಬೈಯಲಿಲ್ಲ, ಕೈ ಮಾಡಲಿಲ್ಲ. ಸುಮ್ಮನೆ ದಾರಿ ಬಿಟ್ಟರು. ಅವನು ಹೊರಗೆ ನಡೆದ. ಆಮೇಲೆ ಹಿರಿಯರು ಅಮ್ಮನ ಮುಂದೆ ಬಂದು ಕೈ ಮುಗಿದರು. ಅಮ್ಮ ಅವರ ಕೈ ಹಿಡಿದು ಅತ್ತಳು. ನನಗೆ ಅವರ ಮೇಲೂ ಸಿಟ್ಟು ಇಳಿದಿರಲಿಲ್ಲ. ಹೊರಗೆ ಬಂದುಬಿಟ್ಟೆ.

ಅಧ್ಯಕ್ಷಗಿರಿ ಹೋಯಿತು. ಅವನ ಮನೆಯ ಅಂಗಳಕ್ಕೆ ಕಾಲಿಡುವವರಿಲ್ಲದಾಯಿತು. ಕಾವಲುಗಾರನ ಕೆಲಸ ಹೋದ ಚಾಲಕ ಈಗ ನಮ್ಮ ಕೊಟ್ಟಿಗೆಯಲ್ಲೇ ನನ್ನ ಜೊತೆ ಬಾಗಿಲು, ಕಿಟಕಿ ಮಾಡುತ್ತಾನೆ. ಅವನ ಹೆಂಡತಿ ನನ್ನ ಜೊತೆ ಇನ್ನೂ ಮಾತಾಡಿಲ್ಲ. ಅದು ಅವಳ ಹಕ್ಕು.

ಮೊನ್ನೆ ಅಧ್ಯಕ್ಷ ಬಂದ. ಸೊರಗಿ ಹೋಗಿದ್ದ. ಬೇಲಿಯಾಚೆ ನಿಂತು, "ಮಗಳ ಮದುವೆ ನಿಂತುಹೋಗಿದೆಯಮ್ಮ. ಕ್ಷಮಿಸಿದೀನಿ ಅಂತ ಹಿರಿಯರ ಮುಂದೆ ಒಂದು ಮಾತು ಹೇಳು," ಎಂದ. ನಾನು ಹಲಗೆ ಕೊಯ್ಯುತ್ತಲೇ ಇದ್ದೆ. ಬಹಳ ಹೊತ್ತು ನಿಂತಿದ್ದು ಹೋದ.

"ನಿಮ್ಮಪ್ಪ ಆಗಿದ್ದರೆ ಒಳಗೆ ಕರೆದು ನೀರು ಕೊಡ್ತಿದ್ದ," ಎಂದಳು ಅಮ್ಮ.

"ಕೊಡ್ತಿದ್ದ. ನಾನು ಅಪ್ಪ ಅಲ್ಲ."

ಅವತ್ತು ಅಮ್ಮ ಊಟಕ್ಕೆ ಏಳಲಿಲ್ಲ. ನಾನೊಬ್ಬಳೇ ಕೂತು ಉಂಡೆ. ಎಷ್ಟೋ ವರ್ಷದ ಮೇಲೆ ಅನ್ನ ರುಚಿಸಿತು.