ಐವತ್ತೊಂದು ನಿಮಿಷ

ಸಂಕಪ್ಪ ಶೆಟ್ಟರ ಪತ್ರ ಒಂದೂವರೆ ಪುಟದ್ದು. ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು: ‘ಡಾ. ರಾಫಿಯಾ ಅವರನ್ನು ತಕ್ಷಣ ಕೆಲಸದಿಂದ ತೆಗೆಯಬೇಕು.’

ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿ ನಲವತ್ತು ಹಾಸಿಗೆಯ ಆಸ್ಪತ್ರೆ ನಡೆಸುವ ಟ್ರಸ್ಟಿಗೆ ಏಳು ಮಂದಿ ಸದಸ್ಯರು. ಶೆಟ್ಟರು ಅವರಲ್ಲೊಬ್ಬರು. ಪತ್ರದಲ್ಲಿದ್ದ ರೋಗಿ ಅವರ ತಂಗಿ ಕಾಂತಿಯ ಮಗ ತರುಣ್, ಇಪ್ಪತ್ತಾರು ವರ್ಷದವನು. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅಳದಂಗಡಿಯ ಹತ್ತಿರ ಅವನ ಬೈಕಿಗೆ ಪಿಕಪ್ ಗುದ್ದಿ ಸೊಂಟದ ಎಲುಬು ಮುರಿದಿತ್ತು. ಈ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಂದು, ಅಲ್ಲಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದ್ದರು. ಜೀವ ಉಳಿಯಿತು. ಆದರೆ ಎಂಟು ಬಾಟಲಿ ರಕ್ತ ಬೇಕಾಯಿತು. ಕಿಡ್ನಿ ಕೈಕೊಟ್ಟು ಹತ್ತು ದಿನ ಡಯಾಲಿಸಿಸ್ ಮಾಡಬೇಕಾಯಿತು. ‘ಐವತ್ತು ನಿಮಿಷ ಮೊದಲು ತಂದಿದ್ದರೆ ಇಷ್ಟಾಗುತ್ತಿರಲಿಲ್ಲ’ ಎಂದು ಅಲ್ಲಿನ ಸರ್ಜನ್ ಹೇಳಿದ್ದರು. ಶೆಟ್ಟರ ಪತ್ರ ಆರಂಭವಾಗಿದ್ದೇ ಆ ಮಾತಿನಿಂದ.

ಮಾರ್ಚ್ ಎರಡನೇ ವಾರ ಟ್ರಸ್ಟಿನ ಅಧ್ಯಕ್ಷರು ಆ ಪತ್ರವನ್ನು ಮೂಡುಬಿದಿರೆಯ ಕಮಲಾವತಿಯವರ ಮನೆಗೆ ತಂದರು. ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಕಮಲಾವತಿಯವರು ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಹತ್ತೊಂಬತ್ತನ್ನು ತುರ್ತು ವಿಭಾಗದಲ್ಲೇ ಕಳೆದವರು.

“ಸಿಸ್ಟರ್, ನೀವೊಮ್ಮೆ ನೋಡಿ ಹೇಳ್ಬೇಕು. ಶನಿವಾರ ಮೀಟಿಂಗ್ ಉಂಟು. ಶೆಟ್ರು ಸುಮ್ಮನೆ ಬಿಡುವ ಜನ ಅಲ್ಲ.”

“ತಪ್ಪಿದ್ರೆ ತಪ್ಪು ಅಂತ ಬರೀತೇನೆ. ಇಲ್ಲದಿದ್ರೆ ಇಲ್ಲ ಅಂತ. ಎರಡರ ಮಧ್ಯದ್ದು ಬೇಕಾದ್ರೆ ಬೇರೆಯವರನ್ನು ನೋಡಿ.”

“ಮಧ್ಯದ್ದು ಬರೆಯುವವರು ನಮ್ಮಲ್ಲೇ ಐದು ಮಂದಿ ಇದ್ದಾರೆ ಮಾರಾಯ್ರೇ,” ಎಂದು ಅಧ್ಯಕ್ಷರು ನಕ್ಕರು.

ಪತ್ರದಲ್ಲಿ ದೂರುಗಳು ಐದು. ಕೂಡಲೇ ಮಂಗಳೂರಿಗೆ ಕಳುಹಿಸದೆ ಮೂವತ್ತೊಂದು ನಿಮಿಷ ಇರಿಸಿಕೊಂಡರು. ಹುಡುಗ ಅಂಗಲಾಚಿದರೂ ನೀರು ಕೊಡಲಿಲ್ಲ. ಹೊಸ ಪ್ಯಾಂಟು ಕತ್ತರಿಸಿ ಹಾಕಿದರು. ಸೊಂಟಕ್ಕೆ ಬೆಡ್‌ಶೀಟ್ ಸುತ್ತಿ ಬೈಹುಲ್ಲಿನ ಹಗ್ಗದಲ್ಲಿ ಭತ್ತದ ಮುಡಿ ಬಿಗಿದ ಹಾಗೆ ಕಟ್ಟಿದರು. ಹೊರಗೆ ನಿಂತಿದ್ದ ತಾಯಿಗೆ ಒಂದು ಮಾತು ಹೇಳಲಿಲ್ಲ.

ಕಮಲಾವತಿ ಮರುದಿನ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಗೆ ಹೋದರು. ಆ ದಿನ ತುರ್ತು ವಿಭಾಗದಲ್ಲಿದ್ದ ಡಾ. ರಾಫಿಯಾಗೆ ಇಪ್ಪತ್ತೆಂಟು ವರ್ಷ, ಊರು ಕಕ್ಕಿಂಜೆ. ಕೇಸ್‌ಶೀಟನ್ನು ಮೊದಲೇ ಮೇಜಿನ ಮೇಲೆ ಇಟ್ಟಿದ್ದರು.

“ಇಲ್ಲಿಂದ ತೆಗೆದ್ರೆ ಇನ್ನೊಂದು ಕಡೆ ಕೆಲಸ ಹುಡುಕ್ಬಹುದು ಸಿಸ್ಟರ್. ಆದ್ರೆ ರೋಗಿಯನ್ನು ಕೊಲ್ಲಲಿಕ್ಕೆ ಹೊರಟವಳು ಅಂತ ಹೆಸರು ಬಿದ್ರೆ ಯಾರು ತಗೊಳ್ತಾರೆ?”

“ಹೆಸರಿನ ವಿಷಯ ಶನಿವಾರಕ್ಕೆ. ಈಗ ಗಂಟೆ ಹೇಳಿ. ಎಷ್ಟಕ್ಕೆ ಬಂದದ್ದು?”

“ಒಂಬತ್ತು ಐವತ್ತೆಂಟು.”

“ಬಿ.ಪಿ.?”

“ಎಂಬತ್ತು. ನಾಡಿ ನೂರ ಮೂವತ್ತು. ಮೈಯೆಲ್ಲ ತಣ್ಣಗೆ. ಹೊರಗೆ ರಕ್ತ ಕಾಣುದಿಲ್ಲ, ಒಳಗೆ ಹೋಗ್ತಾ ಉಂಟು.”

“ಬೆಡ್‌ಶೀಟ್ ಕಟ್ಟಿದ್ದು?”

“ಹತ್ತು ಗಂಟೆ ನಾಲ್ಕು ನಿಮಿಷಕ್ಕೆ. ಅದಕ್ಕೇ ಪ್ಯಾಂಟ್ ಕತ್ತರಿಸಿದ್ದು. ಎಳೆದು ತೆಗೆದ್ರೆ ಮುರಿದ ಎಲುಬು ಅಲ್ಲಾಡ್ತದೆ. ಸೊಂಟ ಬಿಗಿದು ಒಳಗಿನ ರಕ್ತ ತಡೆಯುವ ಬೆಲ್ಟ್ ಬೇಕು ಅಂತ ಮೂರು ಸಲ ಬರೆದು ಕೊಟ್ಟಿದ್ದೇನೆ, ಬರಲಿಲ್ಲ. ಬೆಡ್‌ಶೀಟ್ ಇತ್ತು.”

ಬೆಡ್‌ಶೀಟ್ ಎಷ್ಟು ಕೆಳಗೆ ಕಟ್ಟಿದಿರಿ ಎಂದು ಕಮಲಾವತಿ ಕೇಳಿದರು. ರಾಫಿಯಾ ತಮ್ಮ ತೊಡೆಯ ಮೇಲ್ಭಾಗದ ಎಲುಬನ್ನು ಮುಟ್ಟಿ ತೋರಿಸಿದರು. ಜಾಗ ಸರಿಯಾಗಿತ್ತು. ಅನುಭವ ಇದ್ದವರೂ ಅದನ್ನು ನಾಲ್ಕು ಬೆರಳು ಮೇಲೆ, ಹೊಟ್ಟೆಗೆ ಕಟ್ಟುವುದುಂಟು. ಕಮಲಾವತಿ ಅಂಥದ್ದನ್ನು ಕಂಡಿದ್ದರು.

ರಕ್ತಸ್ರಾವ ತಗ್ಗಿಸುವ ಇಂಜೆಕ್ಷನ್ ಹತ್ತು ಗಂಟೆ ಒಂಬತ್ತು ನಿಮಿಷಕ್ಕೆ ಹೋಗಿತ್ತು. ಎರಡೂ ಕೈಗೆ ಸೂಜಿ, ಮೈಮೇಲೆ ಕಂಬಳಿ. ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದ್ದು ಹತ್ತು ಹದಿನಾಲ್ಕಕ್ಕೆ. ಆಪರೇಷನ್ ತಂಡ ಸಿದ್ಧ ಇರುತ್ತದೆ ಎಂದು ಅವರು ಒಪ್ಪಿದ್ದರು. ಆಪರೇಷನ್ ಖಚಿತವಾಗಿದ್ದರಿಂದ ನೀರು ಕೊಡಲಿಲ್ಲ. ಹತ್ತು ಇಪ್ಪತ್ತೊಂಬತ್ತಕ್ಕೆ ಆಂಬ್ಯುಲೆನ್ಸ್ ಹೊರಟಿತು. ಆಗ ಬಿ.ಪಿ. ನೂರ ಎರಡು.

“ನೋವಿನ ಇಂಜೆಕ್ಷನ್ ತಡ ಆಗಿದೆ.”

“ಹೌದು. ಬಿ.ಪಿ. ಇಳಿದೀತು ಅಂತ ಹೆದರಿದೆ. ಕಡಿಮೆ ಡೋಸ್ ಕೊಡ್ಬಹುದಿತ್ತು.”

“ತಾಯಿ ಹತ್ರ ಯಾರೂ ಮಾತಾಡ್ಲಿಲ್ಲ?”

ರಾಫಿಯಾ ತಲೆ ತಗ್ಗಿಸಿದರು. “ಇಲ್ಲ. ನಾವು ಮೂರೇ ಜನ ಇದ್ದದ್ದು.”

“ಒಬ್ಬರು ಹೊರಗೆ ಬಂದು ‘ಜೀವ ಉಂಟು, ಕೆಲಸ ನಡೀತಾ ಉಂಟು’ ಅಂತ ಹೇಳ್ಲಿಕ್ಕೆ ಹತ್ತು ಸೆಕೆಂಡು ಸಾಕು. ಈ ಎರಡನ್ನೂ ಬರೀತೇನೆ ಡಾಕ್ಟ್ರೇ.”

“ಬರೀರಿ,” ಎಂದರು ರಾಫಿಯಾ.

ಕಮಲಾವತಿಗೆ ಲೆಕ್ಕ ಕೂಡಿ ಬರಲಿಲ್ಲ. ಸರ್ಜನ್ ಹೇಳಿದ್ದು ಐವತ್ತು ನಿಮಿಷ. ಇಲ್ಲಿ ಕಳೆದದ್ದು ಮೂವತ್ತೊಂದು. ಏನೂ ಮಾಡದೆ ಬಾಗಿಲಿನಿಂದಲೇ ಕಳುಹಿಸಿದ್ದರೂ ಐವತ್ತು ಉಳಿಯುತ್ತಿರಲಿಲ್ಲ. ಅವರು ಆಂಬ್ಯುಲೆನ್ಸಿನ ಟ್ರಿಪ್ ಪುಸ್ತಕ ತರಿಸಿದರು. ‘ಹೊರಟಿದ್ದು 10.29. ತಲುಪಿದ್ದು 12.29.’ ದೂರ ನಲವತ್ತೈದು ಕಿಲೋಮೀಟರ್.

ಡ್ರೈವರ್ ಇಬ್ರಾಹಿಂ ಖಲೀಲ್ ಶೆಡ್ಡಿನಲ್ಲಿ ಟಯರಿಗೆ ಗಾಳಿ ಹಾಕುತ್ತಿದ್ದ.

“ಖಲೀಲಾ, ಭಾನುವಾರ ಬೆಳಿಗ್ಗೆ, ಸೈರನ್ ಹಾಕಿ, ಮಂಗಳೂರಿಗೆ ಎರಡು ಗಂಟೆಯಾ? ಎಕ್ಸ್‌ಪ್ರೆಸ್ ಬಸ್ಸು ಇದಕ್ಕಿಂತ ಬೇಗ ಹೋಗ್ತದೆ.”

“ನನ್ನ ಗಾಡಿಗೆ ಹಾಗೆ ಹೇಳ್ಬೇಡಿ ಸಿಸ್ಟರ್!” ಖಲೀಲ್ ಎದ್ದು ನಿಂತ. “ಹನ್ನೊಂದು ಮೂವತ್ತೊಂದಕ್ಕೆ ನಾನು ಮಂಗಳೂರಿನ ನಂತೂರು ಸರ್ಕಲಿನಲ್ಲಿದ್ದೆ. ಅಲ್ಲಿಂದ ಏಳು ನಿಮಿಷದ ದಾರಿ.”

“ಮತ್ತೆ?”

ಖಲೀಲ್ ಸುತ್ತ ನೋಡಿದ. “ಮುಂದಿನ ಸೀಟಿನಲ್ಲಿ ಸಂಕಪ್ಪ ಶೆಟ್ರು ಕೂತಿದ್ರು. ನಂತೂರಿನಲ್ಲಿ ನಾನು ಎಡಕ್ಕೆ ತಿರುಗಿಸ್ಬೇಕಿತ್ತು. ‘ಅಲ್ಲಿ ಬೇಡ, ನೇರ ಬಿಡು, ಆ ಇನ್ನೊಂದು ಆಸ್ಪತ್ರೆಯಲ್ಲಿ ನಮ್ಮವರು ಇದ್ದಾರೆ’ ಅಂದ್ರು. ಡಾಕ್ಟ್ರು ಹೇಳಿದ ಜಾಗ ಅದಲ್ಲ ಅಂತ ಒಂದು ಸಲ ಹೇಳಿದೆ. ಅವರು ಟ್ರಸ್ಟಿ, ನಾನು ಡ್ರೈವರ್. ಎರಡನೇ ಸಲ ಹೇಳ್ಲಿಲ್ಲ.”

ಆ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ಕೇಸಿಗೆ ಬೇಕಾದ ತಜ್ಞರು ಆ ದಿನ ರಜೆಯಲ್ಲಿದ್ದರು. ಅಲ್ಲಿನ ಡಾಕ್ಟರರು ರೋಗಿಯನ್ನು ನೋಡಿ, ಸುತ್ತಿದ ಬೆಡ್‌ಶೀಟನ್ನು ಮುಟ್ಟದೆ, ಮೊದಲು ಹೇಳಿದ ಜಾಗಕ್ಕೇ ಕರೆದೊಯ್ಯಲು ಸೂಚಿಸಿದರು. ಶೆಟ್ಟರು ಅದನ್ನು ಒಪ್ಪುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ರೋಗಿಯ ಜತೆ ಹಿಂದೆ ಕುಳಿತಿದ್ದ ನರ್ಸಿಗೆ ದಾರಿ ಬದಲಾದದ್ದು ತಿಳಿದದ್ದೇ ಬಾಗಿಲು ತೆರೆದಾಗ. ಹನ್ನೊಂದು ಮೂವತ್ತೆಂಟಕ್ಕೆ ತಲುಪಬೇಕಿದ್ದ ತರುಣ್ ಹನ್ನೆರಡು ಇಪ್ಪತ್ತೊಂಬತ್ತಕ್ಕೆ ತಲುಪಿದ. ಕಮಲಾವತಿ ಕಳೆದು ನೋಡಿದರು: ಐವತ್ತೊಂದು.

ಶುಕ್ರವಾರ ಸಂಜೆ ನಾಲ್ಕಕ್ಕೆ ಅವರು ಅಳದಂಗಡಿಯ ಶೆಟ್ಟರ ಮನೆಗೆ ಹೋದರು. ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಸಂತಾನ ಕಟ್ಟು ಕಾನೂನಿನಲ್ಲಿ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೆ ಆ ಮನೆಯಲ್ಲಿ ಮದುವೆಗಾಗಲಿ ಆಸ್ಪತ್ರೆಗಾಗಲಿ ಕೊನೆಯ ಮಾತು ಇನ್ನೂ ಸೋದರಮಾವನದೇ. ತರುಣ್ ವಾಕರ್ ಪಕ್ಕಕ್ಕಿಟ್ಟು ಚಾವಡಿಯಲ್ಲಿ ಕುಳಿತಿದ್ದ. ಕಾಂತಿ ಚಹಾ ತಂದಿಟ್ಟರು.

“ವರದಿ ನಾಳೆ ಓದ್ತೇನೆ ಶೆಟ್ರೇ. ಅದರಲ್ಲಿ ನಿಮ್ಮ ಹೆಸರೂ ಉಂಟು. ಮೊದಲು ನೀವು ಕೇಳ್ಬೇಕು ಅಂತ ಬಂದೆ.”

ಅವರು ಎರಡು ಪುಟ ಓದಿದರು. ಶೆಟ್ಟರು ಮಧ್ಯದಲ್ಲೇ ಕೈ ಎತ್ತಿದರು.

“ನಾನು ಒಳ್ಳೇದಕ್ಕೇ ಮಾಡಿದ್ದು! ಗುರುತು ಪರಿಚಯ ಇಲ್ಲದ ಕಡೆ ನಮ್ಮ ಹುಡುಗನನ್ನು ಯಾರು ನೋಡ್ತಾರೆ? ಆ ಇನ್ನೊಂದು ಆಸ್ಪತ್ರೆಯಲ್ಲಾದ್ರೆ ನಮ್ಮವರೇ ಇದ್ರು.”

“ನಿಮ್ಮವರು ಯಾವ ವಿಭಾಗದಲ್ಲಿ?”

ಶೆಟ್ಟರು ಚಹಾದ ಲೋಟ ಕೈಗೆತ್ತಿಕೊಂಡರು. ತರುಣ್ ಅವರ ಮುಖ ನೋಡಿದ.

“ಮಾಮ, ಯಾರು ಇದ್ದದ್ದು ಅಲ್ಲಿ?”

“ನಮ್ಮ ಭಾವನ ಮಗ ಶೋಧನ್.”

“ಶೋಧನಣ್ಣ ಅಲ್ಲಿ ಕ್ಯಾಂಟೀನ್ ನಡೆಸುದಲ್ವಾ?”

“ಕ್ಯಾಂಟೀನೇ ಆದ್ರೂ ಮೇಲಿನವರೆಲ್ಲ ಗೊತ್ತುಂಟು ಅವನಿಗೆ!”

“ಮಾಮ, ಅವ ಬನ್ಸ್ ಒಳ್ಳೇದು ಮಾಡ್ತಾನೆ. ನನ್ನ ಸೊಂಟ ಮುರಿದಿತ್ತು.”

ಕಾಂತಿ ಸೆರಗಿನಿಂದ ಬಾಯಿ ಮುಚ್ಚಿದರು. ಅದು ನಗುವೋ ಅಳುವೋ ಕಮಲಾವತಿಗೆ ತಿಳಿಯಲಿಲ್ಲ. ಶೆಟ್ಟರು ಎದ್ದು ಮೆಟ್ಟಿಲಿನವರೆಗೆ ಹೋಗಿ ವಾಪಸ್ ಬಂದರು.

“ಪತ್ರ ಹಿಂದೆ ತಗೊಳ್ತೇನೆ. ಆ ಹುಡುಗಿ ಕೆಲಸ ಮಾಡ್ಲಿ. ಈ ವರದಿ ಓದುದು ಬೇಡ. ಆಯ್ತಲ್ಲ?”

“ಇಲ್ಲ. ಪತ್ರವನ್ನು ಏಳು ಮಂದಿಯೂ ಓದಿದ್ದಾರೆ. ನೀವು ಸುಮ್ಮನೆ ಹಿಂದೆ ತಗೊಂಡ್ರೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ರು ಅಂತ ಆಗ್ತದೆ. ಕ್ಷಮಿಸುವಂಥದ್ದು ಆ ಡಾಕ್ಟ್ರು ಏನು ಮಾಡಿದ್ದು? ಅವರ ಎರಡು ತಪ್ಪು ನಾನು ಬರೆದಿದ್ದೇನೆ. ಅದರಿಂದ ಕಿಡ್ನಿ ಹಾಳಾಗಲಿಲ್ಲ.”

“ಟ್ರಸ್ಟಿನಲ್ಲಿ ನನ್ನ ಮರ್ಯಾದೆ?”

ಆಗ ಕಾಂತಿ ಮಾತಾಡಿದರು. ಹೊರಗಿನವರ ಮುಂದೆ ಅವರು ಎಂದೂ ಅಣ್ಣನಿಗೆ ಎದುರು ಮಾತಾಡಿದವರಲ್ಲ.

“ಅಣ್ಣ, ಎರಡು ತಿಂಗಳು ನಾನು ಆ ಡಾಕ್ಟ್ರಿಗೆ ಶಾಪ ಹಾಕಿದ್ದೇನೆ. ದಿನಾ ದೀಪ ಹಚ್ಚುವಾಗ. ನಾಳೆ ಓದ್ಲಿ.”

ಶನಿವಾರ ಹನ್ನೊಂದಕ್ಕೆ ಸಭೆ ಸೇರಿತು. ಕಮಲಾವತಿ ಕನ್ನಡಕ ಹಾಕಿಕೊಂಡು ಕಾಗದ ಬಿಡಿಸುವಷ್ಟರಲ್ಲಿ ಸಂಕಪ್ಪ ಶೆಟ್ಟರು ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ. ಸಭೆಯಲ್ಲಿ ಮಾತಾಡಿ ಅಭ್ಯಾಸ ಇದ್ದ ಗಂಟಲು.

“ಸಿಸ್ಟರ್ ಓದುವ ಮೊದಲು ಒಂದು ವಿಷಯ. ನಂತೂರಿನಲ್ಲಿ ಗಾಡಿ ಬೇರೆ ಕಡೆ ತಿರುಗಿಸಿದ್ದು ನಾನು. ಡ್ರೈವರಿನದ್ದು ತಪ್ಪಿಲ್ಲ, ಡಾಕ್ಟ್ರದ್ದೂ ಇಲ್ಲ. ಬರೆದುಕೊಳ್ಳಿ.” ಶೆಟ್ಟರು ಕುಳಿತು, ಪುನಃ ಎದ್ದರು. “ಆ ಬೆಲ್ಟ್ ಮೂರು ಸಲ ಕೇಳಿದ್ರಂತೆ. ಇವತ್ತೇ ತರಿಸುವ.”

ಕಮಲಾವತಿ ವರದಿಯನ್ನು ಪೂರ್ತಿ ಓದಿದರು. ಒಂದು ಸಾಲನ್ನೂ ಬಿಡಲಿಲ್ಲ. ರಾಫಿಯಾರನ್ನು ಮುಂದುವರಿಸಲು ಏಳೂ ಮಂದಿ ಒಪ್ಪಿದರು. ಎರಡು ನಿಯಮಗಳೂ ಆದವು: ರೋಗಿಯನ್ನು ಎಲ್ಲಿಗೆ ಒಯ್ಯಬೇಕೆಂದು ಹೇಳುವವರು ಡಾಕ್ಟರು ಮಾತ್ರ; ಒಳಗೆ ಚಿಕಿತ್ಸೆ ನಡೆಯುವಾಗ ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಹೊರಗೆ ಬಂದು ಮನೆಯವರಲ್ಲಿ ಮಾತಾಡಬೇಕು.

ಸಭೆ ಮುಗಿಸಿ ಕಮಲಾವತಿ ಕೆಳಗಿಳಿದರು. ತುರ್ತು ವಿಭಾಗದ ಬಾಗಿಲಲ್ಲಿ ಕಾಂತಿ ನಿಂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ಒಳಗೆ ಒಂದು ಹೆಜ್ಜೆ ಇಟ್ಟು ಮತ್ತೆ ಹಿಂದೆ ಸರಿದರು. ಒಳಗೆ ರಾಫಿಯಾ ಕತ್ತಿ ತಾಗಿದ ಹೆಂಗಸೊಬ್ಬರ ಅಂಗೈಗೆ ಹೊಲಿಗೆ ಹಾಕುತ್ತಿದ್ದರು.

“ಡಾಕ್ಟ್ರೇ, ತೀರ್ಮಾನ ಆಯ್ತು. ನೀವು ಇಲ್ಲೇ ಇರ್ತೀರಿ.”

ರಾಫಿಯಾ ತಲೆ ಎತ್ತಲಿಲ್ಲ. ಸೂಜಿ ಹಿಡಿದ ಕೈ ಒಂದು ಕ್ಷಣ ನಿಂತು ಮತ್ತೆ ಚಲಿಸಿತು.

“ಇನ್ನು ಎರಡು ಹೊಲಿಗೆ ಉಂಟು ಸಿಸ್ಟರ್. ಹೊರಗೆ ನಿಂತ ಆ ಅಮ್ಮನಿಗೆ ಕೂತ್ಕೊಳ್ಲಿಕ್ಕೆ ಹೇಳಿ. ನಾನೇ ಬಂದು ಮಾತಾಡ್ತೇನೆ.”