ಒಳಗಿನಿಂದ ಕಟ್ಟಿದ ಗೋಡೆ

"ಇಳಿಯೇ ಕೆಳಗೆ, ಮುಂಡೆ! ಹೆಲ್ಮೆಟ್ಟು ಹಾಕ್ಕೊಂಡ ಮಾತ್ರಕ್ಕೆ ಯಜಮಾನಿ ಆಗ್ಬಿಟ್ಯಾ?"

ಭಾವ ಸಾರುವೆಯ ಮರ ಹಿಡಿದು ಅಲುಗಾಡಿಸಿದ. ಮೇಲೆ ನಿಂತು ಗೋಡೆಗೆ ಗಾರೆ ಮೆತ್ತುತ್ತಿದ್ದ ಅವಳು ಬಿದ್ದೇ ಹೋಗಬೇಕಿತ್ತು. ಆದರೂ ಕೈಯಲ್ಲಿದ್ದ ಕರಣೆ ಬಿಡಲಿಲ್ಲ.

ಯುದ್ಧದಲ್ಲಿ ಗಂಡ ಸತ್ತ ಮೇಲೆ ಅವಳನ್ನೂ ಮಗಳನ್ನೂ ಬೀದಿಗೆ ತಳ್ಳಿದವನು ಇವನೇ, ಗಂಡನ ಅಣ್ಣ. ಗುಂಡಿನ ಸದ್ದು ನಿಂತಾಗ ಪರಿಹಾರ ಸಂಸ್ಥೆಯವರು ಬಂದರು, ಗಂಡ ಸತ್ತ ಹೆಂಗಸರಿಗೆ ಹಳದಿ ಹೆಲ್ಮೆಟ್ಟು ಕೊಟ್ಟು ಗಾರೆ ಕೆಲಸ ಕಲಿಸಿದರು. "ಅಕ್ಕ, ನಿಮ್ಮ ಮನೆ ನೀವೇ ಕಟ್ಟಿ. ಅದು ನಿಮ್ದೇ," ಎಂದು ಸಂಸ್ಥೆಯ ಮೇಡಂ ಕೈ ಹಿಡಿದು ಹೇಳಿದ್ದಳು. ಆ ಮಾತು ನಂಬಿ ಇವಳು ಇಟ್ಟಿಗೆ ಹೊತ್ತಳು. ಸಿಮೆಂಟಿಗೆ ಅಂಗೈ ಸುಲಿದು ಹೋಯಿತು. ಊರಿನವರು ಹೆಲ್ಮೆಟ್ಟಮ್ಮ ಎಂದು ಆಡಿಕೊಂಡು ನಕ್ಕರು. ಹಲ್ಲು ಕಿರಿಯಲಿ, ತಲೆ ಮೇಲೊಂದು ಸೂರಾದರೆ ಸಾಕು ಎಂದುಕೊಂಡಿದ್ದಳು.

"ಮನೆ ಯಾರ್ದು ಅಂತ ಹೋಗಿ ನಿನ್ನ ಮೇಡಮ್ಮನ್ನೇ ಕೇಳು," ಎಂದು ಭಾವ ಉಗಿದ.

ಅವಳು ಸಂಸ್ಥೆಯ ಡೇರೆಗೆ ಓಡಿದಳು. ಮೇಡಂ ಫೋನಿನಿಂದ ತಲೆ ಎತ್ತಲಿಲ್ಲ.

"ಗಂಡಸರ ಕೈಗೆ ಮನೆ ಕೊಡ್ದಿದ್ರೆ ಕೆಲ್ಸಾನೇ ನಿಲ್ಲಿಸ್ತೀವಿ ಅಂತಿದಾರೆ ಊರ ಹಿರಿಯರು. ನಾನೇನ್ ಮಾಡ್ಲಿ ಅಕ್ಕ? ಭಾವ ನಿಮಗೊಂದು ಮೂಲೆ ಕೊಡಲ್ವಾ?"

"ಕೊಡ್ತಾನೆ ಮೇಡಮ್ಮೋರೆ. ಆಗ್ಲೂ ಕೊಟ್ಟಿದ್ದ. ಕತ್ತಲಾದ್ರೆ ಆ ಮೂಲೆಗೆ ಅವನೇ ಬರ್ತಿದ್ದ. ಅವನನ್ನ ಕಾಲಲ್ಲಿ ಒದ್ದೆ ಅಂತ ತಾನೆ ನಮ್ಮನ್ನ ಆಚೆ ಹಾಕಿದ್ದು? ಎಲ್ಲಾ ನಿಮ್ಮುಂದೆ ಅತ್ಕೊಂಡು ಹೇಳಿದ್ನಲ್ಲ."

ಮೇಡಂ ಮತ್ತೆ ಫೋನು ಒತ್ತಿದಳು. "ನಾಳೆ ಸಂಸ್ಥೆಗೆ ದುಡ್ಡು ಕೊಡೋ ದೊಡ್ಡವರು ಬರ್ತಾರೆ. ಫೋಟೋಗೆ ಹೆಲ್ಮೆಟ್ ಹಾಕ್ಕೊಂಡು ಬಂದ್ಬಿಡಿ, ಪ್ಲೀಸ್."

ಅವಳಿಗೆ ಅಳು ಬರಲಿಲ್ಲ. ಭಾವ ಹೊಡೆದಾಗಲೂ ಇಷ್ಟು ನೋವಾಗಿರಲಿಲ್ಲ. ಅವನನ್ನು ಅವಳು ಎಂದೂ ನಂಬಿರಲಿಲ್ಲ.

ಬೆಳಗ್ಗೆ ಎಲ್ಲರೂ ಬಂದು ನೋಡಿದರೆ ಕಿಟಕಿಗಳಿಗೆ ಇಟ್ಟಿಗೆ ತುಂಬಿತ್ತು. ಇನ್ನೂ ಕದ ಕೂರಿಸದ ಬಾಗಿಲಲ್ಲಿ ಗೋಡೆ ಎದೆಮಟ್ಟ ದಾಟಿತ್ತು. ಒಳಗೆ ಮಗಳು ಇಟ್ಟಿಗೆ ಎತ್ತಿ ಕೊಡುತ್ತಿದ್ದಳು, ಅವ್ವ ಕಟ್ಟುತ್ತಿದ್ದಳು.

"ಒಡೆದು ಹಾಕ್ತೀನಿ ಕಣೇ, ಬೋಸುಡಿ!"

"ಒಡಿಯೋ. ದೊಡ್ಡವರು ಕಾರಿಳಿಯೋ ಹೊತ್ತಿಗೆ ಸರಿಯಾಗಿ ಒಡಿ. ಅವರೂ ಕಣ್ತುಂಬ ನೋಡ್ಲಿ."

ಭಾವ ಎತ್ತಿದ ಹಾರೆ ಹಾಗೇ ನಿಂತಿತು. ಮೇಡಂ ಓಡಿ ಬಂದು, ಮೇಲೆ ಉಳಿದಿದ್ದ ಸಂದಿಗೆ ಮುಖವಿಟ್ಟಳು.

"ಅಕ್ಕ, ದಮ್ಮಯ್ಯ, ಆಚೆ ಬನ್ನಿ. ಕಾರು ಬಂದೇ ಬಿಡ್ತು."

ಸಂದಿಯಿಂದ ಹಳದಿ ಹೆಲ್ಮೆಟ್ಟು ಹೊರಗೆ ಬಂತು.

"ತಗೊಳಿ, ಇದು ನಿಮ್ದು. ನೀವೇ ಹಾಕ್ಕೊಂಡು ನಿಂತ್ಕೊಳಿ."

ಅಷ್ಟು ಹೇಳಿ ಅವಳು ಗಾರೆ ಹಚ್ಚಿ ಒಂದೊಂದೇ ಇಟ್ಟಿಗೆ ಇಟ್ಟಳು. ಕೊನೆಯ ಇಟ್ಟಿಗೆಯನ್ನು ಮೇಡಮ್ಮನ ಮುಖದ ನೇರಕ್ಕೆ ಕೂರಿಸಿ, ಕರಣೆಯ ಹಿಡಿಯಿಂದ ಗಟ್ಟಿಯಾಗಿ ತಟ್ಟಿದಳು.