ಕಾಲು ಮುಂದಾಗಿ ಹುಟ್ಟಿದವಳು

“ತೆಗಿಯೇ ಕಾಲ, ಮುಂಡೇದೆ. ಮೆಟ್ಲು ಮ್ಯಾಲೆ ಇಕ್ಕಿದ್ದೀಯಲ್ಲ, ನಿಮ್ಮಪ್ಪ ಕಟ್ಸಿದ್ನಾ?”

ಜಗಲಿಯ ಮೇಲಿಂದ ಕಾಮಾಕ್ಷಮ್ಮ ಚೊಂಬಿನ ನೀರನ್ನು ಮೆಟ್ಟಿಲಿಗೆ ಎರಚಿದಳು. ಅರ್ಧ ನೀರು ಮಾಯಮ್ಮನ ಸೀರೆಯ ಮೇಲೆ ಬಿತ್ತು. ಆಳು ಕಳಿಸಿ ಕರೆಸಿಕೊಂಡಿದ್ದು ಈ ಮನೆಯವರೇ. ಮಾಯಮ್ಮ ಕಾಲು ಹಿಂದಕ್ಕೆ ತೆಗೆದು ನಿಂತಳು.

ಒಳಗಿಂದ ಅವಳ ಗಂಡ ಚನ್ನಪ್ಪಗೌಡ ನರಳಿದ. “ಇತ್ಲು ಬಾಗ್ಲಿಂದ ಕೊಟ್ಗೆಗೆ ಬರೇಳೆ ಅವ್ಳ. ಇಲ್ಲಿ ಪ್ರಾಣ ಓಯ್ತಾ ಅದೆ.”

ಮಾಯಮ್ಮ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬರಿಗಾಲಲ್ಲಿ ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ಊರಿಗೆಲ್ಲ ನಂಬಿಕೆ. ಮಾಯಮ್ಮನಿಗೆ ಇರಲಿಲ್ಲ. ಗೌಡನ ರಾಗಿ ಹೊಲದಲ್ಲಿ ಕಳೆ ಕಿತ್ತು ಕಿತ್ತು ಬಿಲ್ಲಿನ ಹಾಗೆ ಬಾಗಿದ್ದ ತನ್ನ ಅವ್ವನನ್ನೂ ಅವಳು ತುಳಿದಿದ್ದಳು. ಅವ್ವ ಬಾಗಿದ ಹಾಗೇ ಸತ್ತಳು, ಗುಂಡಿಯಲ್ಲೂ ನೆಟ್ಟಗೆ ಮಲಗಲಿಲ್ಲ.

ಗೌಡ ಕೊಟ್ಟಿಗೆಯಲ್ಲಿ ಗೋಣಿಚೀಲದ ಮೇಲೆ ಬೋರಲು ಬಿದ್ದಿದ್ದ. ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳುವಂತಿಲ್ಲ, ದನ ಇರುವಲ್ಲಿ ಮೈಲಿಗೆ ತಟ್ಟುವುದಿಲ್ಲ ಎಂಬುದು ಅವನೇ ಮಾಡಿಕೊಂಡ ಶಾಸ್ತ್ರ. ಮಾಯಮ್ಮ ಗಂಜಲದಲ್ಲಿ ಕಾಲು ತೊಳೆದು, ಕಂಬ ಹಿಡಿದು, ಅವನ ಬೆನ್ನಿನ ಮೇಲೆ ಹತ್ತಿದಳು. ಹಳೆಯ ಎಣ್ಣೆ, ಬೆವರು, ಕಮಟು ವಾಸನೆ. ಅಂಗಾಲ ಕೆಳಗೆ ಮಾಂಸ ಕೊಳೆತ ಹಲಸಿನ ಹಣ್ಣಿನಂತೆ ಜರುಗಿತು. ಬೆನ್ನಿನ ಕೂದಲು ಕಾಲ್ಬೆರಳ ಸಂದಿಗೆ ಅಂಟಿಕೊಂಡಿತು.

“ಆಸನ್ ಪ್ಯಾಟೇಲಿ ಮಲಯಾಳದೋನು ಎಣ್ಣೆ ಆಕಿ ಮಸಾಜು ಮಾಡ್ದ ಕಣೆ,” ಗೌಡ ಗೋಣಿಚೀಲಕ್ಕೆ ಮುಖ ಒತ್ತಿಕೊಂಡೇ ಹೇಳಿದ. “ಡಾಕ್ಟ್ರು ಯೋಳವ್ನೆ, ಬಗ್ಬಾರ್ದಂತೆ, ಭಾರ ಎತ್ಬಾರ್ದಂತೆ. ಬರಿಗಾಲಲ್ಲಿ ನೆಲ ತುಳೀಬಾರ್ದಂತೆ, ಮನೆ ಒಳ್ಗೂ ಮೆತ್ತನ್ ಚಪ್ಲಿ ಆಕಬೇಕಂತೆ. ಇಲ್ದಿದ್ರೆ ನೋವು ತಿರ್ಗ ಬತ್ತದಂತೆ. ಒಸಿ ಕೆಳೀಕ್ ತುಳಿ.”

“ನಂಗೂ ಸೊಂಟ ಇಡ್ಕತದೆ ಗೌಡ್ರೇ. ತಿಪ್ಪೆ ಒರೋಕೆ ಬ್ಯಾರೆ ಯಾರ್ಗಾನಾ ಯೋಳಿ.”

“ಕೂಲಿ ಮೈಗೆ ಯಾವ್ ನೋವೇ? ಕೆಲ್ಸ ಕದೀಬ್ಯಾಡ. ನಾಳೀಕೆ ಗೊಬ್ರ ವಲಕ್ಕೆ ಬಿದ್ದಿರಬೇಕು.”

ಎದ್ದವನೇ ಬಿಸಿನೀರು ಎಂದು ಕೂಗಿದ. ಬಚ್ಚಲಲ್ಲಿ ಅವನು ಬೆನ್ನು ತಿಕ್ಕಿಸಿಕೊಳ್ಳುವ ಸದ್ದು ಹಿತ್ತಲಿಗೂ ಕೇಳುತ್ತಿತ್ತು. ಮಾಯಮ್ಮ ಕೆರೆಯ ಕೋಡಿಗೆ ಹೋಗಿ, ಮರಳು ಹಿಡಿದು ತನ್ನ ಅಂಗಾಲು ತಿಕ್ಕಿದಳು. ಬಿರುಕುಗಳಿಂದ ರಕ್ತ ಬಂತು. ವಾಸನೆ ಹೋಗಲಿಲ್ಲ.

ಅವಳಿಗೆ ಒಬ್ಬಳೇ ಮಗಳು, ಹೆಸರು ಚಿಕ್ಕಮ್ಮ. ಹತ್ತನೇ ಕ್ಲಾಸು. ಕೇರಿಯಲ್ಲಿ ಅಲ್ಲಿವರೆಗೆ ಓದಿದ ಹೆಣ್ಣು ಇನ್ನೊಂದಿರಲಿಲ್ಲ. ಎರಡು ದಿನಕ್ಕೆ ನುಗ್ಗೇಹಳ್ಳಿಯಲ್ಲಿ ಪರೀಕ್ಷೆ. ಕೇರಿಯಿಂದ ಬಸ್ಸಿನ ರಸ್ತೆಗೆ ಗೌಡನ ಬೀದಿ ಒಂದೇ ದಾರಿ. ಆ ಬೀದಿಯಲ್ಲಿ ಕೇರಿಯವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯಬೇಕು. ಚನ್ನರಾಯಪಟ್ಟಣದಲ್ಲಿದ್ದ ಮಾಯಮ್ಮನ ತಂಗಿ ಕೊಡಿಸಿದ ಹೊಸ ಚಪ್ಪಲಿಯನ್ನು ಚಿಕ್ಕಮ್ಮ ಆ ಸಂಜೆ ಬಿಚ್ಚಲಿಲ್ಲ.

ಗೌಡ ಜಗಲಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದ.

“ಯಾರ್ಲಾ ಅದು, ಮೇಡಮ್ಮೋರು? ಲೇ ದ್ಯಾವ, ಅವುನ್ನ ಬಿಚ್ಸಿ ಅವ್ಳ ತಲೆ ಮ್ಯಾಲೆ ಇಕ್ಕು.”

ಆಳು ದ್ಯಾವಯ್ಯ ಮಾಯಮ್ಮನ ಸತ್ತ ಗಂಡನ ಅಣ್ಣ. “ಬುಡಿ ಗೌಡ್ರೇ, ಇನ್ನೂ ಮಗು ಅದು,” ಎಂದ.

“ನಿಂಗೂ ಇಕ್ಸ್ಲಾ?”

ದ್ಯಾವಯ್ಯ ತಮ್ಮನ ಮಗಳ ತಲೆಯ ಮೇಲೆ ಚಪ್ಪಲಿ ಇಟ್ಟ. ಇಡುವಾಗ ಅವಳ ಮುಖ ನೋಡಲಿಲ್ಲ. ಬೀದಿ ಉದ್ದಕ್ಕೂ ಅವಳನ್ನು ನಡೆಸಿ, ಕೊನೆಗೆ ಚಪ್ಪಲಿಯನ್ನು ಗೌಡ ತನ್ನ ತಿಪ್ಪೆಗೆ ಎಸೆಯಿಸಿದ. “ಬರಿಗಾಲಲ್ಲಿ ನಡೀರಿ ಕಣ್ರೇ, ಬೆನ್ನು ಗಟ್ಟಿ ಆಯ್ತದೆ,” ಎಂದಾಗ ಜಗಲಿಯವರೆಲ್ಲ ನಕ್ಕರು.

ಗುಡಿಸಲಲ್ಲಿ ಚಿಕ್ಕಮ್ಮ ಅಳಲಿಲ್ಲ. “ಪರೀಕ್ಷೆಗೆ ಓಗಲ್ಲ ಕಣವ್ವ. ಆ ಬೀದೀಲಿ ಇನ್ ಬರಿಗಾಲಲ್ಲಿ ಓಗಲ್ಲ.”

“ಓಗ್ದೆ ಏನ್ ಮಾಡೀಯೆ?”

“ನಿನ್ ಜತೆ ತಿಪ್ಪೆ ಒರ್ತೀನಿ.”

ಹೊಡೆಯಲು ಎತ್ತಿದ ಮಾಯಮ್ಮನ ಕೈ ಹಾಗೇ ನಿಂತಿತು. ಮಗಳ ಎಳೆಯ ಬೆನ್ನು ಕಣ್ಣೆದುರಿಗಿತ್ತು, ಅವ್ವನ ಬೆನ್ನೂ ನೆನಪಾಯಿತು.

ಮರುದಿನ ಬೆಳಿಗ್ಗೆಯಿಂದ ತಿಪ್ಪೆ ಬಗೆದಳು. ಒಂದೊಂದು ಮಂಕರಿಗೂ ಸೊಂಟದಲ್ಲಿ ಚಳುಕು ಹೊಡೆಯುತ್ತಿತ್ತು. ಹೊತ್ತು ಇಳಿಯುವಾಗ ಚಪ್ಪಲಿ ಕೈಗೆ ಸಿಕ್ಕಿದವು. ಬಾರಿಗೆ ಬಿಳಿ ಹುಳು ಹತ್ತಿದ್ದವು. ಮಡಿಲಿಗೆ ಕಟ್ಟಿಕೊಂಡು ಬಂದಳು.

ಪರೀಕ್ಷೆಯ ಬೆಳಿಗ್ಗೆ ಅವನ್ನು ಮಗಳ ಮುಂದೆ ಇಟ್ಟಳು. ತೊಳೆದಿದ್ದರೂ ನಾರುತ್ತಿದ್ದವು. “ಕಾಲ್ಗೆ ಆಕ್ಕ. ನಾನೂ ಬತ್ತೀನಿ, ನಡಿ.”

ಬೀದಿಯಲ್ಲಿ ಜನ ಗುಂಪುಗಟ್ಟಿದ್ದರು. ಗೌಡ ಅಂಗಳದಲ್ಲಿ ಎತ್ತಿನ ಹಾಗೆ ಕೈಕಾಲೂರಿ ನಿಂತಿದ್ದ. ಮೆಟ್ಟಿಲಿಂದ ಜಾರಿದ ಮೆತ್ತನೆ ಚಪ್ಪಲಿಯನ್ನು ಎತ್ತಿಕೊಳ್ಳಲು ಬಗ್ಗಿದವನಿಗೆ ಸೊಂಟ ಹಿಡಿದುಕೊಂಡಿತ್ತು. ಮುಟ್ಟಿದರೆ ಕಿರುಚುತ್ತಿದ್ದ. ಲುಂಗಿ ಜಾರಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಕೊಟ್ಟಿಗೆಗೆ ಸಾಗಿಸುವ ಹಾಗೂ ಇರಲಿಲ್ಲ.

ಕಾಮಾಕ್ಷಮ್ಮ ಓಡಿ ಬಂದಳು. “ಬಾ ಮಾಯವ್ವ, ನಿನ್ನೇ ಕರ್ಸಾಣ ಅಂತಿದ್ದೊ. ಬೇಕಾರೆ ಮೆಟ್ಲು ಮ್ಯಾಲೆ ಕಾಲಿಟ್ಟು ನಿಂತ್ಕ, ತುಳಿ.”

ಗುಂಪಿನಲ್ಲಿ ಯಾರೋ ಹುಡುಗಿಯ ಕಾಲು ನೋಡಿದರು. “ಗೌಡ್ರೇ, ಚಪ್ಲಿ...”

“ಚಪ್ಲಿ ಮನೆ ಆಳಾಗೋಗ್ಲಿ. ತುಳಿ ನಮ್ಮವ್ವ, ನಿನ್ ದಮ್ಮಯ್ಯ.”

ಮಾಯಮ್ಮ ಬಲಗಾಲು ಎತ್ತಿದಳು. ಕೆಳಗೆ ಅದೇ ಬೆನ್ನು, ಅದೇ ಕೂದಲು, ಅದೇ ಕಮಟು. ಎತ್ತಿದ ಕಾಲನ್ನು ಪಕ್ಕದ ಮಣ್ಣಿಗೇ ಇಳಿಸಿದಳು.

“ಆಗಕ್ಕಿಲ್ಲ ಕಣ ಗೌಡ.”

“ಏನ್ ಬೇಕೋ ಕೇಳೇ, ಕೊಡ್ತೀನಿ.”

“ಏನೂ ಬ್ಯಾಡ. ನಿನ್ ಮೈ ಮುಟ್ಟಕ್ಕೆ ನನ್ ಕಾಲ್ಗೆ ಏಸಿಗೆ ಆಯ್ತದೆ.”

ಮಗಳ ಕೈ ಹಿಡಿದು ನಡೆದಳು. ಚಿಕ್ಕಮ್ಮನ ಚಪ್ಪಲಿ ಬೀದಿ ಉದ್ದಕ್ಕೂ ಪಟಪಟ ಎಂದಿತು. ಹಿಂದಿನಿಂದ ಗೌಡ ನೆಲಕ್ಕೇ ಮುಖ ಮಾಡಿ ಒದರಿದ. “ದ್ಯಾವಾ, ಕಾಲು ಮುರೀಲಾ ಆ ಮುಂಡೇದು.” ದ್ಯಾವಯ್ಯ ಗೌಡನ ಮೆತ್ತನೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತವನು ನಿಂತೇ ಇದ್ದ.

ಬಸ್ಸು ಬಂತು. “ಅವ್ವ, ನಿನ್ನ ಬುಡಾಕಿಲ್ಲ ಅವ್ರು. ನೀನೂ ಬಸ್ಸತ್ತು.”

“ಅತ್ಕಂಡ್ ಎಲ್ಲಿಗ್ ಓಗ್ಲಿ? ನೀನು ಬರೆಯೋದ್ ನೋಡ್ಕ.”

ಬಸ್ಸಿನ ದೂಳು ಇಳಿಯುವವರೆಗೆ ಮಾಯಮ್ಮ ರಸ್ತೆಯಲ್ಲಿ ನಿಂತಿದ್ದಳು. ಆಮೇಲೆ ತಿರುಗಿದಳು. ಬೀದಿಯ ಬಾಯಲ್ಲಿ ನಾಲ್ಕೈದು ಜನ ಗಂಡಸರು ಬಂದು ನಿಂತಿದ್ದರು. ಒಬ್ಬನ ಕೈಯಲ್ಲಿ ಗಾಡಿಯ ಗೂಟ ಇತ್ತು. ಕೇರಿಗೆ ಬೇರೆ ದಾರಿ ಇರಲಿಲ್ಲ. ಅವಳು ಸೆರಗನ್ನು ನೋಯುವ ಸೊಂಟಕ್ಕೆ ಬಿಗಿದು ಕಟ್ಟಿ, ಬೀದಿಯ ನಟ್ಟನಡುವೆ ಕಾಲಿಟ್ಟಳು.